ಮೊದಲು ಫ್ಯಾನ್, ಆಮೇಲೆ ಸೈಕಲ್

ಕೇಳುಗರಿಗೆ ನಮಸ್ಕಾರ.

ನಾವಿರುವುದು ಹನುಮಂತನಗರದಲ್ಲಿ, ಮೂರನೇ ಮಹಡಿ. ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೆಳಗಿನ ಮನೆಯವರು ಮೆಟ್ಟಿಲ ಹತ್ತಿರ ಸಿಕ್ಕರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದರು. ಆಮೇಲೆ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ, ದಿನಾ ಬೆಳಿಗ್ಗೆ ಐದಕ್ಕೇ ರುಬ್ಬೋಕೆ ಇಡ್ತೀರಲ್ಲ, ಹಿಂದಿನ ದಿನ ಸಂಜೆನೇ ರುಬ್ಬಿಟ್ಟುಕೊಂಡ್ರೆ ಹಿಟ್ಟು ಚೆನ್ನಾಗಿ ಉಬ್ಬುತ್ತೆ ಅಲ್ವಾ?" ಅಂದರು.

ಅದು ಗ್ರೈಂಡರ್ ಅಲ್ಲ, ನಾನು ಹಾಲ್‌ನಲ್ಲಿ ಸೈಕಲ್ ಹೊಡೆಯುವ ಸದ್ದು ಅಂದರೆ ನಂಬುತ್ತಾರಾ? ಮೇಲಕ್ಕೆ ಕರೆದುಕೊಂಡು ಬಂದು ತೋರಿಸಿದೆ. ನನ್ನ ಗೇರ್ ಸೈಕಲ್ಲಿನ ಹಿಂದಿನ ಚಕ್ರ ನೆಲ ಬಿಟ್ಟು ಎದ್ದು ಕಬ್ಬಿಣದ ಸ್ಟ್ಯಾಂಡಿನಲ್ಲಿ ಕೂತಿತ್ತು. ಟೈರಿಗೆ ಒಂದು ರೋಲರ್ ಒತ್ತಿಕೊಂಡಿತ್ತು. ಮುಂದಿನ ಚಕ್ರದ ಕೆಳಗೆ ಎತ್ತರ ಸರಿಹೋಗಲಿ ಅಂತ ಹಳೆಯ ಟೆಲಿಫೋನ್ ಡೈರೆಕ್ಟರಿ. ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಅವರು ಸುಮ್ಮನೆ ಒಂದು ಸುತ್ತು ಬಂದು ನೋಡಿ, "ಹಾಗಾದ್ರೆ ಇಡ್ಲಿ ಇಲ್ಲ" ಅಂದು ನಕ್ಕು ಹೋದರು.

ಈ ಸ್ಟ್ಯಾಂಡಿಗೆ ಹೋಮ್ ಟ್ರೈನರ್ ಅನ್ನುತ್ತಾರೆ. ನಾವು ಪೆಡಲ್ ತುಳಿದರೆ ಪರದೆಯ ಮೇಲೆ ಒಬ್ಬ ಪುಟ್ಟ ಸವಾರ ಮುಂದೆ ಹೋಗುತ್ತಾನೆ. ಸ್ಮಾರ್ಟ್ ಟ್ರೈನರ್ ಆದರೆ ಪರದೆಯ ರಸ್ತೆ ಏರಿದಾಗ ಇಲ್ಲಿ ಪೆಡಲ್ ಬಿಗಿಯಾಗುತ್ತದೆ, ಇಳಿದಾಗ ಸಡಿಲವಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ, ಇಷ್ಟು ತಂಪಾದ ಊರಿನಲ್ಲಿ ಯಾಕಪ್ಪಾ ಮನೆಯೊಳಗೆ ಸೈಕಲ್ ಅಂತ ನೀವು ಕೇಳಬಹುದು. ಎರಡು ವರ್ಷದ ಹಿಂದೆ, ಮಳೆನೀರು ತುಂಬಿದ್ದ ಒಂದು ಗುಂಡಿಯನ್ನು ನಾನು ಬರೀ ನೀರು ಅಂದುಕೊಂಡೆ. ಬಲಗೈ ಮಣಿಕಟ್ಟು ಮುರಿಯಿತು. ಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲು ಜಾಸ್ತಿ ದಿನ ಬೇಕಾಯಿತು. ಅಷ್ಟರಲ್ಲಿ ಈ ಟ್ರೈನರ್ ಮನೆಗೆ ಬಂತು.

ಮೊದಲ ದಿನದ ಕಥೆ ಹೇಳುತ್ತೇನೆ. ಸದ್ದು ಹೊರಗೆ ಹೋಗದಿರಲಿ ಅಂತ ಬಾಗಿಲು ಹಾಕಿದೆ. ಸಂಜೆ ಆರೂವರೆ, ಸೊಳ್ಳೆ ಬರುತ್ತವೆ ಅಂತ ಕಿಟಕಿಯನ್ನೂ ಹಾಕಿದೆ. ತಲೆ ಮೇಲೆ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಹತ್ತು ನಿಮಿಷಕ್ಕೆ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಲು ಶುರುವಾಯಿತು. ಹದಿನೈದನೇ ನಿಮಿಷಕ್ಕೆ ತಲೆ ಸುತ್ತಿತು. ಇಳಿದು ನೆಲದ ಮೇಲೆ ಕೂತುಬಿಟ್ಟೆ. ನನ್ನ ಕೈಲಿ ಇದು ಆಗಲ್ಲ ಅಂದುಕೊಂಡೆ.

ತಪ್ಪು ಕಾಲಿನದಲ್ಲ, ಗಾಳಿಯದು. ಲೆಕ್ಕ ನೋಡಿ. ನಾನು ಆರಾಮಾಗಿ ತುಳಿದರೆ ಪೆಡಲಿಗೆ ಸುಮಾರು 120 ವ್ಯಾಟ್ ಹೋಗುತ್ತದೆ. ಆದರೆ ನಮ್ಮ ಮೈ ಅಂಥ ಒಳ್ಳೆ ಇಂಜಿನ್ ಏನಲ್ಲ. ಖರ್ಚಾಗುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಹೆಚ್ಚು ಕಡಿಮೆ ಕಾಲು ಭಾಗ. ಉಳಿದದ್ದೆಲ್ಲ ಬಿಸಿ. ಅಂದರೆ 120 ವ್ಯಾಟ್ ತುಳಿಯುವಾಗ ಮೈಯಿಂದ ಸುಮಾರು 360 ವ್ಯಾಟ್ ಶಾಖ ಹೊರಗೆ ಬರುತ್ತಿರುತ್ತದೆ. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಇದೆಯಲ್ಲ, 1000 ವ್ಯಾಟಿನದು, ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬಾಗಿಲು ಹಾಕಿದ ಕೋಣೆಯಲ್ಲಿ ನಾವೇ ಕಾಯಿಲ್.

ರಸ್ತೆಯಲ್ಲಿ ಇದು ಯಾಕೆ ಗೊತ್ತಾಗುವುದಿಲ್ಲ ಅಂದರೆ, 25 ಕಿಲೋಮೀಟರ್ ವೇಗದಲ್ಲಿ ಹೋದರೆ ಅಷ್ಟೇ ವೇಗದ ಗಾಳಿ ಪುಕ್ಕಟೆ ಸಿಗುತ್ತದೆ. ಮಣ್ಣಿನ ಹೂಜಿಯ ಹೊರಮೈಯಿಂದ ನೀರು ಆರುತ್ತಾ ಒಳಗಿನ ನೀರು ತಣ್ಣಗಾಗುತ್ತದಲ್ಲ, ನಮ್ಮ ಮೈಗೂ ಅದೇ ಉಪಾಯ. ಬೆವರು ಆರಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಉಪಯೋಗವಿಲ್ಲ. "ಇವತ್ತು ಎಷ್ಟು ಬೆವರು ಸುರಿಸಿದೆ ನೋಡು" ಅಂತ ಫೋಟೋ ಕಳಿಸುವವರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ.

ಒಂದು ತಮಾಷೆ ಇದೆ. ಸಮತಟ್ಟಾದ ರಸ್ತೆಯಲ್ಲಿ ಜೋರಾಗಿ ಹೋಗುವಾಗ ನಮ್ಮ ಶ್ರಮದ ಬಹುಪಾಲು ಗಾಳಿಯನ್ನು ಸೀಳಲಿಕ್ಕೇ ಖರ್ಚಾಗುತ್ತದೆ. ಎದುರು ಗಾಳಿ ಬಂದರೆ ಸೈಕಲ್‌ನವರು ಬೈದುಕೊಳ್ಳುತ್ತೇವೆ. ಅದೇ ಗಾಳಿ ಇಲ್ಲದಿದ್ದರೆ ಹದಿನೈದು ನಿಮಿಷ ತಡೆಯೋಕಾಗಲ್ಲ.

ಹಾಗಾಗಿ ಯಾರಾದರೂ "ಶುರು ಮಾಡಬೇಕು, ಮೊದಲು ಏನು ತಗೊಳ್ಳಲಿ" ಅಂದರೆ ನಾನು ಹೇಳುವುದು ಸ್ಟ್ಯಾಂಡ್ ಫ್ಯಾನ್. ಸೀಲಿಂಗ್ ಫ್ಯಾನ್ ಸಾಲದು, ಅದರ ಗಾಳಿ ಬೆನ್ನ ಮೇಲೆ ಬೀಳುತ್ತದೆ. ಸ್ಟ್ಯಾಂಡ್ ಫ್ಯಾನನ್ನು ಎದುರಿಗಿಟ್ಟು ಎದೆಗೆ, ಮುಖಕ್ಕೆ ನೇರ ಬೀಸುವ ಹಾಗೆ ತಿರುಗಿಸಿ. ಕಿಟಕಿ ತೆಗೆದಿಡಿ, ಸೊಳ್ಳೆಗೆ ಜಾಲರಿ ಹಾಕಿಸಿ. ಕೈಗೆಟುಕುವ ಹಾಗೆ ಎರಡು ಬಾಟಲಿ ನೀರು, ಹ್ಯಾಂಡಲ್ ಮೇಲೆ ಒಂದು ಟವೆಲ್. ಟವೆಲ್ ಮುಖ ಒರೆಸಲಿಕ್ಕೆ ಮಾತ್ರ ಅಲ್ಲ. ಬೆವರಿನಲ್ಲಿ ಉಪ್ಪಿದೆ. ಅದು ಹ್ಯಾಂಡಲ್ ಬುಡದ ಬೋಲ್ಟುಗಳಿಗೆ ಇಳಿದು ತುಕ್ಕು ಹಿಡಿಸುತ್ತದೆ. ನನ್ನದು ನಾಲ್ಕೇ ತಿಂಗಳಲ್ಲಿ ಕೆಂಪಗಾಗಿತ್ತು.

ಈಗ ಟ್ರೈನರ್. ಮುಖ್ಯವಾಗಿ ಎರಡು ಬಗೆ. ಒಂದು ನಾನು ಮೊದಲು ತಂದದ್ದು, ಟೈರಿಗೆ ರೋಲರ್ ಒತ್ತುವಂಥದ್ದು. ಅಗ್ಗ. ಟೈರ್ ನುಣುಪಾಗಿರಬೇಕು. ನನ್ನ ಸೈಕಲ್‌ಗೆ ಗಂಟುಗಂಟಿನ ಟೈರಿತ್ತು, ಗ್ರೈಂಡರ್ ಸದ್ದಿಗೆ ಅದೇ ಕಾರಣ. ಉಜ್ಜಿ ಉಜ್ಜಿ ಟೈರ್ ಬಿಸಿಯಾಗಿ ಬೇಗ ಸವೆಯುತ್ತದೆ ಕೂಡ. ಎರಡನೆಯದು ಹಿಂದಿನ ಚಕ್ರವನ್ನೇ ಬಿಚ್ಚಿ, ಚೈನನ್ನು ನೇರ ಟ್ರೈನರಿಗೆ ಹಾಕುವಂಥದ್ದು. ಡೈರೆಕ್ಟ್ ಡ್ರೈವ್ ಅನ್ನುತ್ತಾರೆ. ಸದ್ದು ಕಮ್ಮಿ, ಅಳತೆ ನಿಖರ, ದುಡ್ಡು ಜಾಸ್ತಿ. ಒಂದು ಒಳ್ಳೆ ಸೈಕಲ್ಲಿನ ಬೆಲೆಯೇ ಆದೀತು.

ಆರು ತಿಂಗಳು ಮೊದಲನೆಯದರಲ್ಲಿ ತುಳಿದು, ಬಿಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ನಾನು ಒಂದು ಸೆಕೆಂಡ್‌ಹ್ಯಾಂಡ್ ಡೈರೆಕ್ಟ್ ಡ್ರೈವ್ ತಂದೆ. ತಂದು ಕೂರಿಸಿದರೆ ಗೇರ್ ಕಟಕಟ ಅಂತ ಜಾರುತ್ತಿತ್ತು. ನನ್ನ ಸೈಕಲ್ಲಿನ ಹಿಂದಿನ ಗೇರ್ 8, ಟ್ರೈನರಿಗೆ ಹಾಕಿದ್ದ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, 11ರದು. ಕೇಳದೆ ತಂದದ್ದು ನನ್ನದೇ ತಪ್ಪು. ಕ್ಯಾಸೆಟ್ ಬದಲಾಯಿಸಿ, ಹಿಂದೆ ಒಂದು ತೆಳ್ಳನೆ ಸ್ಪೇಸರ್ ಹಾಕಿಸಿದ ಮೇಲೆ ಸರಿಹೋಯಿತು. ನೀವು ಕೊಳ್ಳುವ ಮೊದಲು ಹಿಂದೆ ಎಷ್ಟು ಗೇರ್ ಇದೆ ಎಣಿಸಿಕೊಳ್ಳಿ. ಚಕ್ರ ಕೂರಿಸಿರುವುದು ಕ್ವಿಕ್ ರಿಲೀಸ್ ಕಡ್ಡಿಯಲ್ಲಾ, ದಪ್ಪನೆಯ ಥ್ರೂ ಆಕ್ಸೆಲ್‌ನಲ್ಲಾ, ಅದನ್ನೂ ನೋಡಿಕೊಳ್ಳಿ.

ಮಹಡಿ ಮನೆಯವರಿಗೆ ಇನ್ನೊಂದು ಮಾತು. ಸದ್ದು ನಿಮಗೆ ಕೇಳಿಸುವುದಕ್ಕಿಂತ ಕೆಳಗಿನವರಿಗೆ ಜಾಸ್ತಿ ಕೇಳಿಸಬಹುದು. ಅದು ನೆಲದ ಮೂಲಕ ಇಳಿಯುವ ಅದುರು. ಯೋಗದ ಚಾಪೆ ಸಾಲದು. ಜಿಮ್‌ಗಳಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮತ್ತೆ ಬೆಳಿಗ್ಗೆ ಐದು ಗಂಟೆಗೆ ಬೇಡ.

ಆ್ಯಪ್‌ಗಳು ಹಲವು ಇವೆ. ಜ್ವಿಫ್ಟ್ ಅನ್ನುವುದು 2014ರಲ್ಲಿ ಶುರುವಾದದ್ದು, ತಿಂಗಳಿಗೆ ಹಣ ಕಟ್ಟಬೇಕು. ಮೈವೂಶ್ ಪುಕ್ಕಟೆ. ರೂವಿಯಲ್ಲಿ ನಿಜವಾದ ರಸ್ತೆಗಳ ವಿಡಿಯೋ ಇರುತ್ತದೆ. ಸ್ಮಾರ್ಟ್ ಅಲ್ಲದ ಟ್ರೈನರ್ ಇದ್ದವರು ಹಿಂದಿನ ಚಕ್ರದ ನಡುವೆ ಒಂದು ಸ್ಪೀಡ್ ಸೆನ್ಸರ್ ಕಟ್ಟಿ ಜ್ವಿಫ್ಟ್ ಆಡಬಹುದು. ವೇಗ ನೋಡಿ ಅದು ವ್ಯಾಟನ್ನು ಅಂದಾಜು ಮಾಡಿಕೊಳ್ಳುತ್ತದೆ. ಟೈರಿನ ಗಾಳಿ ಪ್ರತಿ ಸಲ ಒಂದೇ ಅಳತೆಯಲ್ಲಿರಲಿ. ಇಲ್ಲದಿದ್ದರೆ ಇವತ್ತು ಶೂರರು, ನಾಳೆ ಸೋತವರು.

ಎಲ್ಲರೂ ಒಂದಲ್ಲ ಒಂದು ದಿನ ಸಿಕ್ಕಿಬೀಳುವ ಜಾಗ ಒಂದಿದೆ. ಲ್ಯಾಪ್‌ಟಾಪ್ ಎಷ್ಟು ಹುಡುಕಿದರೂ ಟ್ರೈನರ್ ಸಿಗುವುದಿಲ್ಲ. ಟ್ರೈನರ್ ಕೆಟ್ಟಿತು ಅಂದುಕೊಳ್ಳುತ್ತೇವೆ. ಆದದ್ದು ಇಷ್ಟೇ: ಎಷ್ಟೋ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಬ್ಬರ ಕೈ ಮಾತ್ರ ಹಿಡಿಯುತ್ತವೆ. ಅಷ್ಟರಲ್ಲಾಗಲೇ ನಿಮ್ಮ ಜೇಬಿನ ಫೋನ್ ಅದರ ಕೈ ಹಿಡಿದಿರುತ್ತದೆ. ಫೋನಿನ ಬ್ಲೂಟೂತ್ ಆರಿಸಿ.

ಜ್ವಿಫ್ಟ್‌ನ ಮುಖ್ಯ ಲೋಕದ ಹೆಸರು ವಟೋಪಿಯಾ. ಕಲ್ಪನೆಯ ದ್ವೀಪ, ಆದರೆ ಭೂಪಟದಲ್ಲಿ ಅದನ್ನು ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಕಡೆ ಕೂರಿಸಿದ್ದಾರೆ. ನನ್ನ ಮೊದಲ ಸವಾರಿಯ ನಕ್ಷೆ ನೋಡಿ ನಮ್ಮ ಮನೆಯವರು, "ಸಮುದ್ರದ ಮಧ್ಯೆ ಏನ್ ಮಾಡ್ತಿದ್ದೆ?" ಅಂದರು. ಬೆಂಗಳೂರಿನ ಸೈಕಲ್‌ನವರಿಗೆ ಬೆಟ್ಟ ಅಂದರೆ ನಂದಿ. ವಟೋಪಿಯಾದಲ್ಲಿ ಆಲ್ಪ್ ದು ಜ್ವಿಫ್ಟ್ ಅಂತ ಒಂದಿದೆ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರಿನ ಪಡಿಯಚ್ಚು. 21 ತಿರುವು, ಸುಮಾರು 12 ಕಿಲೋಮೀಟರ್, ಸಾವಿರ ಮೀಟರಿಗೂ ಜಾಸ್ತಿ ಏರು. ಮೊದಲ ತಿಂಗಳು ಅದರ ಗೊಡವೆ ಬೇಡ.

ಮೊದಲ ತಿಂಗಳು ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ತುಳಿಯುತ್ತಾ ಮಾತಾಡುವಷ್ಟು ಹಗುರ. ಸಾಕು. ಒಳಗೆ ಸೈಕಲ್ ಅಲುಗಾಡುವುದಿಲ್ಲ, ರಸ್ತೆಯ ಉಬ್ಬು ಇಲ್ಲ, ಸಿಗ್ನಲ್ ಇಲ್ಲ. ಕೂತ ಜಾಗದಲ್ಲೇ ಕೂತು ಸೀಟು ಒತ್ತುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ತುಳಿಯಿರಿ. ಎದೆನೋವು, ಬಿಪಿ ಏನಾದರೂ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಎಫ್‌ಟಿಪಿ ಪರೀಕ್ಷೆ ಅಂತ ಒಂದು ಹೇಳುತ್ತಾರೆ. ಇಪ್ಪತ್ತು ನಿಮಿಷ ಪ್ರಾಣ ಹೋಗುವ ಹಾಗೆ ತುಳಿದು, ಅದರ ಸರಾಸರಿ ವ್ಯಾಟಿನ ನೂರಕ್ಕೆ 95 ಭಾಗ ಲೆಕ್ಕ ಹಾಕುವುದು. ಸರಿಸುಮಾರು ಒಂದು ಗಂಟೆ ತಡೆದುಕೊಳ್ಳಬಲ್ಲ ಶಕ್ತಿ ಅಷ್ಟು ಅಂತ. ಹೊಸಬರಿಗೆ ಇದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು, ಅರ್ಗ್ ಮೋಡ್. ಇಷ್ಟು ವ್ಯಾಟ್ ಅಂತ ಹೇಳಿಬಿಟ್ಟರೆ ಟ್ರೈನರ್ ಅದನ್ನೇ ಹಿಡಿದಿಡುತ್ತದೆ. ನೀವು ಸುಸ್ತಾಗಿ ನಿಧಾನ ಮಾಡಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ನೀವು ಇನ್ನೂ ನಿಧಾನ, ಅದು ಇನ್ನೂ ಬಿಗಿ. ನೀರು ಕಮ್ಮಿಯಾದ ಹಿಟ್ಟಿನಲ್ಲಿ ಗ್ರೈಂಡರ್ ಕಲ್ಲು ನಿಂತುಹೋಗುತ್ತದಲ್ಲ, ಹಾಗೆ ಕಾಲು ನಿಂತುಹೋಗುತ್ತದೆ. ಆಗ ಹಠ ಮಾಡಬೇಡಿ. ತುಳಿಯುವುದು ಬಿಟ್ಟು, ಅದು ಸಡಿಲವಾದ ಮೇಲೆ ಮತ್ತೆ ಹಗುರವಾಗಿ ಶುರು ಮಾಡಿ.

ಆ್ಯಪ್‌ನಲ್ಲಿ ನಿಮ್ಮ ತೂಕ ಕೇಳುತ್ತದೆ. ನಿಜ ಹೇಳಿ. ಏರಿನಲ್ಲಿ ಲೆಕ್ಕಕ್ಕೆ ಬರುವುದು ಒಂದು ಕಿಲೋ ತೂಕಕ್ಕೆ ಎಷ್ಟು ವ್ಯಾಟ್ ಅಂತ. ಐದು ಕಿಲೋ ಕಮ್ಮಿ ಹೇಳಿದರೆ ಬೆಟ್ಟ ಸಲೀಸು. ತಕ್ಕಡಿಗೆ ಬೆರಳು ಒತ್ತುವವರು ಅಲ್ಲೂ ಇದ್ದಾರೆ.

ಇದೆಲ್ಲ ಆಟ ಅಂತ ನಗುವವರಿಗೆ ಒಂದು ಸುದ್ದಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಮೊದಲ ಸಲ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಹೆಂಗಸರಲ್ಲಿ ಗೆದ್ದವರು ದಕ್ಷಿಣ ಆಫ್ರಿಕಾದ ಆಶ್ಲೀ ಮೂಲ್ಮನ್ ಪಾಸಿಯೊ. ಗಂಡಸರಲ್ಲಿ ಜರ್ಮನಿಯ ಜೇಸನ್ ಓಸ್ಬೋರ್ನ್. ಅವರು ಆಗ ದೋಣಿ ಹುಟ್ಟು ಹಾಕುವ ಆಟಗಾರ! ಮರುವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರೋಯಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಇಲ್ಲಿ ತಿರುವಿನಲ್ಲಿ ಸೈಕಲ್ ವಾಲಿಸುವ ಚಾಕಚಕ್ಯ ಬೇಕಿಲ್ಲ, ಕಾಲು ಮತ್ತು ಉಸಿರು ಸಾಕು. ಹಾಗಂತ ಒಳಗೆ ಕಲಿತವರು ಹೊರಗೆ ಹೋಗಬಾರದು ಅಂತೇನಿಲ್ಲ. ಆಸ್ಟ್ರೇಲಿಯಾದ ಜೇ ವೈನ್ 2020ರ ಜ್ವಿಫ್ಟ್ ಅಕಾಡೆಮಿ ಸ್ಪರ್ಧೆ ಗೆದ್ದು ವೃತ್ತಿಪರ ತಂಡ ಸೇರಿದರು. 2022ರ ಸ್ಪೇನ್ ಸುತ್ತಿನ ಓಟದಲ್ಲಿ ಎರಡು ಹಂತ ಗೆದ್ದರು.

ಮೊನ್ನೆ ಗುಡುಗು ಮಳೆ ಬಂದ ಸಂಜೆ ನಾನು ಆ 21 ತಿರುವಿನ ಬೆಟ್ಟದ ಮಧ್ಯದಲ್ಲಿದ್ದೆ. ಕರೆಂಟ್ ಹೋಯಿತು. ಮೊದಲು ಫ್ಯಾನ್ ನಿಂತಿತು. ಪೆಡಲ್ ಹಗುರವಾಗಿ ಕಾಲು ಸುಮ್ಮನೆ ಗಿರಗಿರ ತಿರುಗಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಇಂಟರ್ನೆಟ್ ಇಲ್ಲದೆ ಸುತ್ತ ಇದ್ದ ಸವಾರರೆಲ್ಲ ಮಾಯವಾದರು. ನನ್ನ ಸವಾರ ಒಬ್ಬನೇ ಕಾಲೂರಿ ಬೆಟ್ಟದ ರಸ್ತೆಯಲ್ಲಿ ನಿಂತುಬಿಟ್ಟ.

ಕತ್ತಲಲ್ಲಿ ಅತ್ತೆಯವರ ದನಿ ಬಂತು. "ಅಲ್ಲಮ್ಮಾ, ನಿಮ್ಮ ಮಾವನ ಸೈಕಲ್‌ಗೆ ಡೈನಮೋ ಇತ್ತು. ರಾತ್ರಿ ಪಾಳಿ ಮುಗಿಸಿ ದಾರಿಯುದ್ದಕ್ಕೂ ದೀಪ ಹತ್ತಿಸ್ಕೊಂಡೇ ಬರೋರು. ಇಷ್ಟು ದುಡ್ಡು ಕೊಟ್ಟು ತಂದಿದೀಯ, ಇದರಲ್ಲಿ ಒಂದು ಬಲ್ಬಾದ್ರೂ ಹತ್ತಲ್ವಾ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಾವನವರ ಡೈನಮೋ ಮಾಡುತ್ತಿದ್ದದ್ದು ಹೆಚ್ಚೆಂದರೆ ಮೂರು ವ್ಯಾಟ್. ನನ್ನ 120 ವ್ಯಾಟಿಗೆ, ಇರುವ ಎಲ್‌ಇಡಿ ಬಲ್ಬುಗಳ ಲೆಕ್ಕದಲ್ಲಿ, ಒಂಬತ್ತು ವ್ಯಾಟಿನವು ಹದಿಮೂರು ಉರಿಯಬಹುದು. ನಮ್ಮ ಮನೆಯಲ್ಲಿ ಅಷ್ಟು ಬಲ್ಬೇ ಇಲ್ಲ. ಈ ಟ್ರೈನರ್ ಅದನ್ನೆಲ್ಲ ಒಳಗಿನ ಅಯಸ್ಕಾಂತದ ಬ್ರೇಕಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.

ಅತ್ತೆಯವರಿಗೆ ಇದನ್ನು ಹೇಳಲಿಲ್ಲ. "ಇರಿ ಅತ್ತೆ, ಟಾರ್ಚ್ ತರ್ತೀನಿ" ಅಂದು ಇಳಿದೆ.

ನಮಸ್ಕಾರ.