ಶಟಲ್ ಆಟಕ್ಕೆ ಒಂದೇ ಬಾಗಿಲು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಬ್ಯಾಡ್ಮಿಂಟನ್ ಅಂದರೆ "ಬಾಲ್ ಬ್ಯಾಡ್ಮಿಂಟನ್ನಾ, ಶಟಲ್ಲಾ?" ಅಂತ ಕೇಳುತ್ತಾರೆ. ಹಳದಿ ಉಲ್ಲನ್ ಚೆಂಡಿನ ಆಟ ಒಂದು, ಗರಿಯ ಆಟ ಇನ್ನೊಂದು. ಇವತ್ತಿನ ಮಾತು ಗರಿಯ ಆಟದ್ದು. ಅದಕ್ಕಿಂತ ಜಾಸ್ತಿ, ಅದನ್ನು ದೇಶದಲ್ಲಿ ನಡೆಸುವ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯದ್ದು. ಚಿಕ್ಕದಾಗಿ ಬಿಎಐ.

ನನಗೆ ಈ ಲೋಕದ ಪರಿಚಯ ಆಗಿದ್ದು ಒಂದು ಇನಿಷಿಯಲ್‌ನಿಂದ. ಮಗಳು 13 ವರ್ಷದೊಳಗಿನವರ ಟೂರ್ನಿಗೆ ಹೋಗಿದ್ದಳು. ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಟೇಬಲ್ಲಿನ ಹಿಂದೆ ಕೂತವರು ಎರಡನ್ನೂ ತಿರುಗಿಸಿ ನೋಡಿ, "ಸರಿ ಮಾಡಿಸ್ಕೊಂಡು ಬನ್ನಿ ಸರ್" ಅಂದರು. ಅವತ್ತು ಅವಳು ಗ್ಯಾಲರಿಯಲ್ಲಿ ಕೂತು, ಕಿಟ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದಳು. ಆಟ ಆಡಲಿಲ್ಲ.

ಬಹಳ ಸಿಟ್ಟು ಬಂತು. ಆದರೆ ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಒಂದು ಗೇಣು ಎತ್ತರ. ವಯಸ್ಸು ಮುಚ್ಚಿಟ್ಟು ಆಡಿಸುವ ಅಪ್ಪ ಅಮ್ಮಂದಿರೂ ಇದ್ದಾರೆ. ಕಾಗದ ನೋಡಲೇಬೇಕು, ಅಲ್ವಾ? ನೋಡಿದ ರೀತಿ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಬಿಎಐ ಹುಟ್ಟಿದ್ದು 1934ರಲ್ಲಿ. ಜಿಲ್ಲೆಯ ಮೇಲೆ ರಾಜ್ಯ, ರಾಜ್ಯದ ಮೇಲೆ ಬಿಎಐ, ಅದರ ಮೇಲೆ ಬ್ಯಾಡ್ಮಿಂಟನ್‌ನ ವಿಶ್ವ ಸಂಸ್ಥೆ. ವಿಶ್ವ ಸಂಸ್ಥೆ ಒಂದು ದೇಶಕ್ಕೆ ಒಂದೇ ಸಂಸ್ಥೆಯನ್ನು ಒಪ್ಪುತ್ತದೆ. ಹೊರದೇಶದ ಟೂರ್ನಿಗೆ ಹೆಸರು ಹೋಗುವುದು ಅದರ ಮೂಲಕವೇ. ಎಷ್ಟೇ ದೊಡ್ಡ ಆಟಗಾರನಾದರೂ ಬಾಗಿಲು ಅದೊಂದೇ.

ಆ ಬಾಗಿಲಿನ ಎದುರು ಬಂಡಾಯ ಎದ್ದವರು ನಮ್ಮ ಬೆಂಗಳೂರಿನವರೇ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ನಡೆಯುವ ಹಾಲ್. ಹುಡುಗರು ಸ್ಕೂಲ್ ಮುಗಿಸಿ ಬಂದು ಮೊದಲು ನೋಡುತ್ತಿದ್ದದ್ದು ಇವತ್ತು ಮದುವೆ ಇದೆಯಾ ಇಲ್ಲವಾ ಅಂತ. ಇಲ್ಲ ಅಂದರೆ ಓಡು, ಆಟ ಶುರು. ಅಪ್ಪ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕೆಲಸದಲ್ಲಿದ್ದವರು. ಮಗ 1980ರಲ್ಲಿ ಆಲ್ ಇಂಗ್ಲೆಂಡ್ ಅನ್ನುವ ದೊಡ್ಡ ಟೂರ್ನಿ ಗೆದ್ದರು. 1997ರಲ್ಲಿ ಅದೇ ಪ್ರಕಾಶ್ ಮುಂದೆ ನಿಂತು ಇಂಡಿಯನ್ ಬ್ಯಾಡ್ಮಿಂಟನ್ ಕಾನ್ಫೆಡರೇಷನ್ ಅಂತ ಬೇರೆ ಸಂಸ್ಥೆ ಕಟ್ಟಿದರು. ಆಟ ನಡೆಸುವವರಿಗೆ ಆಟ ಗೊತ್ತಿರಬೇಕು ಅನ್ನುವುದು ಅವರ ಕಡೆಯವರ ವಾದ. ಕೊನೆಗೆ ರಾಜಿಯಾಯಿತು, ಬೇರೆ ಮನೆ ಉಳಿಯಲಿಲ್ಲ. ಉಳಿಯುವುದು ಕಷ್ಟವೇ ಇತ್ತು. ವಿಶ್ವ ಸಂಸ್ಥೆಯ ಪತ್ರ ಬರುವುದು ಒಂದೇ ವಿಳಾಸಕ್ಕೆ ತಾನೇ?

2013ರಲ್ಲಿ ಇನ್ನೊಂದು ಜಗಳ. ಇಂಡಿಯನ್ ಬ್ಯಾಡ್ಮಿಂಟನ್ ಲೀಗ್‌ನಲ್ಲಿ ಎದುರಾಳಿ ಬಂಗಾ ಬೀಟ್ಸ್ ಕೊನೇ ಗಳಿಗೆಯಲ್ಲಿ ಆಟಗಾರನನ್ನು ಬದಲಾಯಿಸಿತು ಅಂತ ದೆಹಲಿ ತಂಡದ ಡಬಲ್ಸ್ ಆಟಗಾರ್ತಿ ಜ್ವಾಲಾ ಗುಟ್ಟಾ ತಕರಾರು ತೆಗೆದರು. ಬಿಎಐಯ ಶಿಸ್ತು ಸಮಿತಿ ಆಜೀವ ನಿಷೇಧದ ಶಿಫಾರಸು ಮಾಡಿತು. ಒಂದು ಪಂದ್ಯದ ಗಲಾಟೆಗೆ ಜೀವನಪೂರ್ತಿ ಮನೆಯಲ್ಲಿ ಕೂರಿಸುವುದಾ! ದೆಹಲಿ ಹೈಕೋರ್ಟ್ ಅವರಿಗೆ ಆಡಲು ಬಿಡಿ ಅಂದಿತು.

ಬರೀ ದೂರು ಹೇಳಿದರೆ ತಪ್ಪಾಗುತ್ತದೆ. 2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ ಇಂಡೋನೇಷ್ಯಾವನ್ನು 3-0ಯಿಂದ ಸೋಲಿಸಿ, ದೇಶ ದೇಶಗಳ ಪುರುಷರ ತಂಡಗಳು ಆಡುವ ಥಾಮಸ್ ಕಪ್ ಗೆದ್ದೆವು. ಒಬ್ಬ ಆಟಗಾರ ಗೆದ್ದರೆ ಅವನ ಬೆವರು, ಕೋಚ್‌ನ ಬೆವರು ಅನ್ನಬಹುದು. ಥಾಮಸ್ ಕಪ್ ಹಾಗಲ್ಲ. ಅಲ್ಲಿ ಮೂರು ಸಿಂಗಲ್ಸ್, ಎರಡು ಡಬಲ್ಸ್. ಅಷ್ಟೂ ಕಡೆ ಗಟ್ಟಿ ಆಟಗಾರರು ಒಂದೇ ಸಲ ಸಿಗಬೇಕಾದರೆ, ಹತ್ತಾರು ವರ್ಷ ಊರೂರಲ್ಲಿ ಟೂರ್ನಿಗಳು ತಪ್ಪದೆ ನಡೆದಿರಬೇಕು. ಡ್ರಾ ಬರೆಯಬೇಕು, ಶಟಲ್ ಡಬ್ಬ ಎಣಿಸಬೇಕು, ಅಂಪೈರ್‌ಗಳ ಊಟ ನೋಡಬೇಕು. ಈ ಕೆಲಸ ಟೀವಿಯಲ್ಲಿ ಬರುವುದಿಲ್ಲ.

ಸರ್ವಿಸ್ ಜಡ್ಜ್ ಎದುರು ಒಂದು ಸ್ಟ್ಯಾಂಡ್ ಇರುತ್ತದೆ, ನೋಡಿದ್ದೀರಾ? ಸರ್ವಿಸ್ ಹೊಡೆಯುವ ಕ್ಷಣದಲ್ಲಿ ಶಟಲ್ ನೆಲದಿಂದ 1.15 ಮೀಟರ್ ಎತ್ತರಕ್ಕಿಂತ ಕೆಳಗೇ ಇರಬೇಕು. ಅದನ್ನು ಹಿಡಿಯಲು ಒಬ್ಬರು ಅಲ್ಲಾಡದೆ, ಗೆರೆ ಎಳೆದ ಪಾರದರ್ಶಕ ಪಟ್ಟಿಯ ಮೂಲಕ ಕಣ್ಣಿಟ್ಟು ಕೂತಿರುತ್ತಾರೆ.

ನನ್ನ ಮಗಳ ಇನಿಷಿಯಲ್ ಆಮೇಲೆ ಸರಿಯಾಯಿತು. ನಾಲ್ಕು ವರ್ಷ ಆಡಿದಳು, ರಾಜ್ಯ ಮಟ್ಟ ದಾಟಲಿಲ್ಲ. ಈಗ ರಜೆಯಲ್ಲಿ ಲೈನ್ ಜಡ್ಜ್ ಆಗಿ ಹೋಗುತ್ತಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಶಟಲ್ ಹೊರಗೆ ಬಿದ್ದರೆ ಎರಡೂ ಕೈ ಅಗಲಿಸಿ ಔಟ್ ಅನ್ನಬೇಕು. ಒಳಗೆ ಬಿದ್ದರೆ ಬಲಗೈ ಗೆರೆ ಕಡೆಗೆ. ಆಟಗಾರ ಅಡ್ಡ ಬಂದು ಕಾಣಲೇ ಇಲ್ಲ ಅಂದರೆ, ಊಹಿಸಿ ಹೇಳುವ ಹಾಗಿಲ್ಲ. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು. ಅದೇ ಸನ್ನೆ. ಅವತ್ತು ಅವಳು ಒಂದೇ ಒಂದು ಸಲ ಕಣ್ಣು ಮುಚ್ಚಿಕೊಂಡಳು.

ನಮಸ್ಕಾರ.