ಫೋನ್ ನಂಬರ್ ಒಂದೇ ಸಾಲಲ್ಲ ಕಣ್ರೀ

ಕೇಳುಗರಿಗೆಲ್ಲ ನಮಸ್ಕಾರ. ರಸ್ತೇಲಿ ಗಾಡಿಗೆ ಗಾಡಿ ಗುದ್ದಿದ್ರೆ ಎದುರಿನವರಿಂದ ಏನೇನು ತಗೋಬೇಕು, ಅದೇ ಇವತ್ತಿನ ಮಾತು. ಹೋದ್ವರ್ಷ ಆಷಾಢದ ಮಳೇಲಿ ಹಾಸನದಿಂದ ಸಕಲೇಶಪುರಕ್ಕೆ ಹೋಗ್ತಿದ್ದೆ, ಬಾಳ್ಳುಪೇಟೆ ಹತ್ರ ಮುಂದಿನ ಲಾರಿಯವನು ಸಡನ್ನಾಗಿ ಬ್ರೇಕ್ ಹಾಕ್ದ, ನಾನೂ ಹಾಕ್ದೆ, ಹಿಂದೆ ಬರ್ತಿದ್ದ ಪಿಕಪ್‌ನವನು ಮಾತ್ರ ಹಾಕ್ಲಿಲ್ಲ. ಡಿಕ್ಕಿ ಹೊಡೆದಿದ್ದೂ ಡಿಕ್ಕಿಗೇ, ಒಳಗಿದ್ದ ಬಾಳೆಗೊನೆ ಚಪ್ಪಟೆ.

ಪುಣ್ಯಕ್ಕೆ ಯಾರಿಗೂ ಏಟಾಗ್ಲಿಲ್ಲ. ಆ ಹುಡುಗ ಇಳಿದು ಬಂದು ಕೈ ಮುಗಿದು, "ಅಣ್ಣಾ ತಪ್ಪಾಯ್ತು, ರಿಪೇರಿ ದುಡ್ಡು ನಾನೇ ಕೊಡ್ತೀನಿ, ನನ್ನ ನಂಬರ್ ತಗೊಳ್ಳಿ" ಅಂದ. ನಾನೂ ದೊಡ್ಡ ಮನುಷ್ಯನ ಥರ ಸರಿ ಬಿಡಪ್ಪ ಅಂದು 'ಪಿಕಪ್ ಹುಡುಗ' ಅಂತ ಸೇವ್ ಮಾಡ್ಕೊಂಡು ಹೊರಟೆ. ಮಾರನೇ ದಿನದಿಂದ ಆ ನಂಬರ್ ಸ್ವಿಚ್ ಆಫ್. ಗಾಡಿ ನಂಬರ್ ಏನು ಸಾರ್ ಅಂತ ಗ್ಯಾರೇಜಲ್ಲಿ ಕೇಳಿದ್ರೆ ಕೆಎ 13 ಅಷ್ಟೇ ಜ್ಞಾಪಕ, ಮಿಕ್ಕಿದ್ದಕ್ಕೆ ಕೆಸರು ಮೆತ್ಕೊಂಡಿತ್ತು, ಹಾಸನದಲ್ಲಿ ಕಣ್ಣು ಬಿಟ್ರೆ ಕಾಣೋದೆಲ್ಲ ಕೆಎ 13ನೇ ಅಲ್ವಾ.

ಅದಕ್ಕೇ ಹೇಳ್ತಿರೋದು, ಮೊದ್ಲು ಗಾಡಿ ನಂಬರ್. ಕೆಸರಿದ್ರೆ ಕೈಯಲ್ಲೇ ಒರೆಸಿ ಫೋಟೋ ತೆಗೀರಿ, ನಾಚಿಕೆ ಏನಿಲ್ಲ. ಸರ್ಕಾರದ ಎಂ-ಪರಿವಾಹನ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ಅಲ್ಲೇ ಗೊತ್ತಾಗುತ್ತೆ. ಫೋನ್ ನಂಬರ್ ಕೊಟ್ರೆ ನಿಂತಲ್ಲೇ ಒಂದು ಮಿಸ್ಡ್ ಕಾಲ್ ಕೊಡಿ, ಅವರ ಜೇಬಲ್ಲಿ ರಿಂಗ್ ಆಗ್ಬೇಕು.

ಯಾರಿಗಾದ್ರೂ ಪೆಟ್ಟಾಗಿದ್ರೆ ಈ ಮಾತೆಲ್ಲ ಆಮೇಲೆ, ಮೊದ್ಲು 108, ಇಲ್ಲಾಂದ್ರೆ 112. ಪೆಟ್ಟಾದವರನ್ನ ಆಸ್ಪತ್ರೆಗೆ ಸೇರಿಸೋದು ಡ್ರೈವರ್ ಕರ್ತವ್ಯ ಅಂತ 1988ರ ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಹೇಳುತ್ತೆ. ಸ್ಥಳದಲ್ಲಿ ಪೊಲೀಸರು ಇಲ್ಲಾಂದ್ರೆ ಹತ್ತಿರದ ಸ್ಟೇಷನ್‌ಗೆ ಆದಷ್ಟು ಬೇಗ, ಹೆಚ್ಚು ಅಂದ್ರೆ 24 ಗಂಟೆ ಒಳಗೆ ತಿಳಿಸ್ಬೇಕು. ಇನ್ನು, ಸಹಾಯಕ್ಕೆ ಬಂದವರು ನಮ್ಗ್ಯಾಕಪ್ಪ ಕೋರ್ಟು ಕಚೇರಿ ಅಂತ ಹಿಂದೆ ಸರೀಬೇಕಾಗಿಲ್ಲ, ಅವರಿಗೆ ರಕ್ಷಣೆ ಕೊಡೋಕೆ ಅಂತಲೇ 2019ರ ತಿದ್ದುಪಡಿಲಿ 134ಎ ಸೇರಿಸಿದಾರೆ.

ಮುಂದೆ ಡಿಎಲ್, ಆರ್‌ಸಿ, ಇನ್ಶೂರೆನ್ಸ್. ಮೂರನ್ನೂ ಫೋಟೋ ತಗೊಳ್ಳಿ, ನಿಮ್ಮದೂ ತೋರಿಸಿ, ಒಂದು ಕಡೆ ಮಾತ್ರ ಕೇಳಿದ್ರೆ ಜಗಳ ಶುರುವಾಗುತ್ತೆ. ನಮ್ಮ ಕಡೆ ಓಡಿಸೋನು ಬೇರೆ ಓನರ್ ಬೇರೆ, ತೋಟದ ಜೀಪ್ ಆದ್ರಂತೂ ಸಾಹುಕಾರರು ಬೆಂಗಳೂರಲ್ಲಿ ಇರ್ತಾರೆ, ಹಾಗಾಗಿ ಇಬ್ಬರ ಹೆಸರೂ ಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಆದ್ರೆ ಆರ್‌ಸಿ ಹೆಸರಿಗೂ ಪಾಲಿಸಿ ಹೆಸರಿಗೂ ತಾಳೆ ಆಗುತ್ತಾ ನೋಡಿ. ಗಾಡಿ ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಹೆಸರು ಬದಲಾವಣೆಗೆ ಅರ್ಜಿ ಕೊಡ್ಬೇಕು, ಎಷ್ಟು ಜನ ಕೊಡ್ತಾರೋ ದೇವರೇ ಬಲ್ಲ.

ಫೋಟೋ ವಿಷ್ಯಕ್ಕೆ ಬರೋಣ. ಬಹಳ ಜನ ಬರೀ ನೆಗ್ಗಿದ ಜಾಗದ್ದು ಹತ್ತು ಫೋಟೋ ತೆಗೀತಾರೆ. ಮೊದ್ಲು ದೂರದಿಂದ, ಎರಡೂ ಗಾಡಿ, ರಸ್ತೆ, ಕಿಲೋಮೀಟರ್ ಕಲ್ಲು ಕಾಣೋ ಹಾಗೆ ತೆಗೀರಿ, ಆಮೇಲೆ ಹತ್ತಿರದ್ದು. ಬ್ರೇಕ್ ಗುರುತಿದ್ರೆ ಕೂಡ್ಲೇ ತೆಗೀರಿ, ಮಲೆನಾಡ ಮಳೇಲಿ ಅದು ನಿಲ್ಲಲ್ಲ. ಚಾರ್ಮಾಡಿ ತಿರುವಲ್ಲಿ ಮಂಜು ಕವಿದಿದ್ರೆ ಮಾತ್ರ ಫೋಟೋ ಚಟ ಬೇಡ, ಹಜಾರ್ಡ್ ಲೈಟ್ ಹಾಕಿ, ಸೇಫಾದ ಕಡೆ ನಿಂತ್ಕೊಳ್ಳಿ. ಪಕ್ಕದ ಟೀ ಅಂಗಡಿಯವರು ನೋಡಿದ್ರೆ ಅವರ ಹೆಸರು, ನಂಬರ್ ಕೇಳಿ, ಆಮೇಲೆ ಹುಡುಕ್ಕೊಂಡು ಹೋದ್ರೆ ನಾವೇನೂ ನೋಡಿಲ್ಲ ಸಾರ್ ಅಂತಾರೆ.

ಅಲ್ಲೇ ದುಡ್ಡು ತಗೊಂಡು ಮುಗಿಸ್ಕೊಂಡ್ರೆ ಒಂದು ಚೀಟಿಲಿ ಎಷ್ಟು ಅಂತ ಬರೆದು ಇಬ್ರೂ ಸೈನ್ ಹಾಕಿ. ಖಾಲಿ ಹಾಳೆಗೆ ಯಾರು ಕೇಳಿದ್ರೂ ಸೈನ್ ಬೇಡ. ರಿಪೇರಿಗೆ ಮುಂಚೆ ಇನ್ಶೂರೆನ್ಸ್‌ನವರಿಗೆ ಹೇಳ್ಬೇಕು, ಎಷ್ಟು ಹಾಳಾಗಿದೆ ಅಂತ ಅಳೆಯೋಕೆ ಅವರು ಕಳಿಸೋ ಸರ್ವೇಯರ್ ನೋಡೋ ಮೊದ್ಲೇ ಬಂಪರ್ ಬಿಚ್ಚಿಸಿದ್ರೆ ತಕರಾರು ಶುರು.

ನನ್ನ ಕಥೆ ಏನಾಯ್ತು ಅಂದ್ರೆ, ಪಿಕಪ್ ಸಿಗ್ಲಿಲ್ಲ, ಕೊನೆಗೆ ನನ್ನ ಪಾಲಿಸಿಲೇ ಕ್ಲೇಮ್ ಮಾಡಿಸ್ದೆ. ತಪ್ಪು ಅವನದು, ಕ್ಲೇಮ್ ಮಾಡದೇ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ, ಅದೇ ನೋ ಕ್ಲೇಮ್ ಬೋನಸ್, ಹೋಗಿದ್ದು ನಂದು. ನಮಸ್ಕಾರ.