ಮೋಟರ್ ತಿರುಗುವಾಗ ಅಳೆಯಿರಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯಿಂದ ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಬಂದಿದ್ದೀರಿ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ಪವರ್. ಇಲ್ಲಿರುವ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದು ಬಾಯಿಪಾಠ. ಆದರೆ ಯಾವ ವೋಲ್ಟೇಜು? ಎಲ್ಲಿ, ಯಾವಾಗ ಅಳೆದದ್ದು?

ನಮ್ಮ ತೋಟದ ಕಥೆ ಹೇಳುತ್ತೇನೆ. ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟರಿನ ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಟ್ಟಿತು. ಅಡಿಕೆ ಸೋಗೆ ಬಾಡಿ ಜೋಲುತ್ತಿತ್ತು, ಅಪ್ಪ ದಿನವಿಡೀ ಲೈನಿಗೆ ಬೈಯುತ್ತಿದ್ದರು. ನಾನು ಕೆರೆ ಬದಿಯ ಪಂಪ್‌ಶೆಡ್ಡಿಗೆ ಹೋಗಿ ಅಳೆದೆ. 215 ವೋಲ್ಟ್. ಸರಿಯಾಗಿಯೇ ಇದೆ ಅಲ್ವಾ ಅಂತ ವಾಪಸ್ ಬಂದೆ. ಮೋಟರ್ ಬಂದ್ ಇತ್ತು, ನೋಡಿ, ತಪ್ಪಾದದ್ದು ಅಲ್ಲೇ.

ಮರುದಿನ ಮೋಟರ್ ಹಾಕಿ ಅಳೆದೆ. ಮನೆಯ ಮೀಟರ್ ಬೋರ್ಡಿನಲ್ಲಿ 215, ಶೆಡ್ಡಿನಲ್ಲಿ 173, ಕರೆಂಟು 10 ಆಂಪಿಯರ್. ನಡುವೆ 42 ವೋಲ್ಟ್ ಎಲ್ಲಿ ಹೋಯಿತು? ವಯರಿನಲ್ಲಿ! ಜಾಯಿಂಟಿನ ಹತ್ತಿರ ಕೈಯಿಟ್ಟರೆ ಪ್ಲಾಸ್ಟಿಕ್ ಬಿಸಿಯಾಗಿ ಮೆತ್ತಗಾಗಿತ್ತು. 42ನ್ನು 10ರಿಂದ ಭಾಗಿಸಿದರೆ 4.2 ಓಮ್, ಗುಣಿಸಿದರೆ 420 ವಾಟ್. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಹತ್ತಿರ ಒಂದೂಮುಕ್ಕಾಲು ಯೂನಿಟ್ಟು ಸುಮ್ನೆ ವಯರ್ ಕಾಯಿಸಲು ಖರ್ಚು.

ಆಮೇಲೆ ವಯರುಗಳ ರೆಸಿಸ್ಟೆನ್ಸಿನ ಪಟ್ಟಿ ನೋಡಿದೆ. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವಯರು, ಹೋಗಿ ಬರಲು ಒಟ್ಟು 400 ಮೀಟರ್: ಲೆಕ್ಕಕ್ಕೆ 4.6 ಓಮ್. ಮೋಟರಿನಲ್ಲಿ ಕರೆಂಟು ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ, ಪವರ್ ಫ್ಯಾಕ್ಟರ್ ಅನ್ನುವುದು ಅದರ ಲೆಕ್ಕ; ಹಾಗಾಗಿ ಇಷ್ಟು ವ್ಯತ್ಯಾಸ ಸಹಜ. 4 ಸ್ಕ್ವೇರ್ ಎಂಎಂ ಹಾಕಿದ್ದರೆ 1.7 ಓಮ್ ಮಾತ್ರ.

ಬಂದ್ ಇದ್ದಾಗ 215 ತೋರಿಸಿದ್ದು ಯಾಕೆ? ನೀರು ಚಿಮ್ಮುವ ಜೆಟ್ಟಿನ ಪೈಪಿಗೆ ತುದಿಯಲ್ಲಿ ಗೇಟ್‌ವಾಲ್ವ್ ಮುಚ್ಚಿ ನೋಡಿ, ಅರ್ಧ ಇಂಚಿನ ಪೈಪಿನ ತುದಿಯಲ್ಲೂ ಪ್ರೆಶರ್ ಪೂರ್ತಿ ಇರುತ್ತದೆ. ನೀರು ಹರಿದರೆ ತಾನೇ ಪೈಪು ಸಣ್ಣದು ಅಂತ ಗೊತ್ತಾಗುವುದು. ಕರೆಂಟು ಹರಿಯದಿದ್ದರೆ ವಯರಿನ ಗುಟ್ಟೂ ಹೊರಬೀಳುವುದಿಲ್ಲ.

ರೆಸಿಸ್ಟೆನ್ಸಿನ ಅಳತೆಗೆ ಯಾರ ಹೆಸರಿದೆಯೋ ಆ ಓಮ್ ಮೇಷ್ಟ್ರು ಮಾಡಿದ್ದೂ ಇದನ್ನೇ. ಜರ್ಮನಿಯ ಕೊಲೋನಿನಲ್ಲಿ ಪಾಠ ಹೇಳುತ್ತಿದ್ದವರು, ಬೇರೆ ಬೇರೆ ಉದ್ದದ ತಂತಿಗಳಲ್ಲಿ ಕರೆಂಟು ಹರಿಸಿ ಅಳೆದರು. ಕರೆಂಟು ಏರಿಳಿಯಬಾರದು ಅಂತ ಎರಡು ಲೋಹಗಳ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರಂತೆ. ಎಷ್ಟು ಜಾಗ್ರತೆ ನೋಡಿ! 1827ರಲ್ಲಿ ಪುಸ್ತಕ ಬಂತು, ಲಂಡನ್ನಿನ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಸಿಗಲು 1841 ಆಗಬೇಕಾಯಿತು.

ಬಸ್ಸಿನ ಹೊತ್ತಾಯಿತು, ಗೊತ್ತು. ಇನ್ನೆರಡೇ ಮಾತು. ನೀರು ಕಾಯಿಸುವ ಹೀಟರಿಗೆ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, 230 ವೋಲ್ಟಿನಲ್ಲಿ 1000 ವಾಟಿನದ್ದು 173 ವೋಲ್ಟಿನಲ್ಲಿ ಹತ್ತಿರ 570 ವಾಟ್ ಮಾತ್ರ. ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಮೋಟರ್ ಹಾಗಲ್ಲ. ಎತ್ತುವ ನೀರು ಅಷ್ಟೇ ಇರುವುದರಿಂದ ಅದು ಕರೆಂಟು ಜಾಸ್ತಿ ಎಳೆಯುತ್ತದೆ. ಕರೆಂಟು ಒಂದೂವರೆ ಪಟ್ಟಾದರೆ ವೈಂಡಿಂಗಿನ ಬಿಸಿ ಎರಡೂಕಾಲು ಪಟ್ಟು. ಮಲ್ಟಿಮೀಟರಿನಲ್ಲಿ ವೈಂಡಿಂಗ್ ಎರಡು ಓಮ್ ತೋರಿಸಿತು ಅಂತ 230ನ್ನು ಎರಡರಿಂದ ಭಾಗಿಸಿ 115 ಆಂಪಿಯರ್ ಅಂತ ಮಕ್ಕಳು ಗಾಬರಿ ಆಗಬೇಡಿ. ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಹಾಗಾಗಿ ಅಷ್ಟು ಕರೆಂಟು ಹರಿಯುವುದಿಲ್ಲ. ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ವಯರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ತಂದಿದ್ದೇನೆ, ಹೊರಗಿನ ಪಂಪಿನ ಹತ್ತಿರ ಬನ್ನಿ. ಒಂದೇ ವಯರನ್ನು ಅದರೊಳಗೆ ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಹಿಡಿದರೆ ಹೋಗುವ ಕರೆಂಟಿಗೂ ಬರುವ ಕರೆಂಟಿಗೂ ವಜಾ ಆಗಿ ಸೊನ್ನೆ ತೋರಿಸುತ್ತದೆ.